ವಿದ್ಯಾನಗರ ಹತ್ರದ ಕಾರ್ಡಿಯೋ ಬ್ಯಾಚ್: ಬೆಳಗ್ಗೆದು ಆಗ್ಬಹುದು, ಸಂಜೆದು ಬೇಡ

ಕಾಸರಗೋಡಲ್ಲಿ ಹೊಟ್ಟೆ ಇಳಿಸ್ಲಿಕ್ಕೆ ಜಿಮ್ ಹುಡುಕ್ತಾ ಇರುವವರಿಗೆ ಸುರುವಿಗೇ ಹೇಳಿಬಿಡ್ತೇನೆ, ಈ ಜಿಮ್ಮಿನ ಬೆಳಗ್ಗೆ 6 ಗಂಟೆಯ ಕಾರ್ಡಿಯೋ ಬ್ಯಾಚಿಗೆ ಧೈರ್ಯದಲ್ಲಿ ಸೇರ್ಬಹುದು, ಸಂಜೆಯದ್ದಕ್ಕೆ ಬೇಡ. ಹಾಲ್ ಒಂದೇ, ಮೆಷಿನ್ ಒಂದೇ, ಫೀಸೂ ಒಂದೇ. ಆದ್ರೆ ಬೆಳಗ್ಗಿನ ಮಾಷಿಗೆ, ಅಂದ್ರೆ ಟ್ರೈನರಿಗೆ, ಯಾರನ್ನು ಯಾವಾಗ ನಿಲ್ಲಿಸ್ಬೇಕು ಅಂತ ಗೊತ್ತುಂಟು, ಸಂಜೆ ಬರುವ ಹುಡುಗನಿಗೆ ಫೋನ್ ನೋಡುದು ಬಿಟ್ರೆ ಬೇರೆ ಎಂತದೂ ಗೊತ್ತಿಲ್ಲ. ಹೆಸರು ಹಾಕುದಿಲ್ಲ, ಹಿಂದೆ ಒಮ್ಮೆ ಒಂದು ಹೋಟ್ಲಿನ ಬಗ್ಗೆ ಹೆಸರು ಹಾಕಿ ಬರ್ದು ಅದರ ಓನರ್ ನನ್ನ ಭಾವನಿಗೆ ಫೋನ್ ಮಾಡಿ ದೊಡ್ಡ ಪಂಚಾತಿಕೆ ಆಗಿತ್ತು, ಊರು ಸಣ್ಣದು ಮಾರಾಯ್ರೆ. ವಿದ್ಯಾನಗರದಿಂದ ಚೆರ್ಕಳ ಕಡೆಗೆ ಹೋಗುವಾಗ ಸರ್ವಿಸ್ ರೋಡಿನ ಬದಿಯಲ್ಲಿ ಅಂಗಡಿಗಳ ಮೇಲೆ ಶೀಟ್ ಹಾಕಿದ ಹಾಲ್ ಅಂದ್ರೆ ಆ ಕಡೆಯವರಿಗೆ ಸಾಕು.

ಒಳಗೆ ಹೋದ ಕೂಡ್ಲೆ ಗೊತ್ತಾಗುದು ಎಂತ ಅಂದ್ರೆ ಕೂರ್ಲಿಕ್ಕೆ ಒಂದು ಕುರ್ಚಿಯೂ ಇಲ್ಲ. ಇದ್ದ ಪ್ಲಾಸ್ಟಿಕ್ ಸ್ಟೂಲುಗಳನ್ನೆಲ್ಲ ಮಾಷ್ ಮೆಟ್ಲಿನ ಅಡಿಯಲ್ಲಿ ಒಂದರ ಮೇಲೆ ಒಂದು ಪೇರಿಸಿ ಇಟ್ಟಿದ್ದಾರೆ, ಶೂವಿನ ಲೇಸ್ ಕಟ್ಟುದಾದ್ರೂ ಗೋಡೆಗೆ ಒರಗಿಯೇ ಕಟ್ಬೇಕು. ಎದುರು ಗೋಡೆಯಲ್ಲಿ ಸೆಕೆಂಡಿನ ಮುಳ್ಳು ಕೆಂಪು ಇರುವ ದೊಡ್ಡ ಗಡಿಯಾರ, ಅದರ ಅಡಿಯಲ್ಲಿ ವೈಟ್‌ಬೋರ್ಡು. ಬೋರ್ಡಲ್ಲಿ ಎಲ್ಲರ ಹೆಸರು, ಹೆಸರಿನ ಎದುರು ಎರಡು ನಂಬ್ರ. ಸೆಟ್ ಮುಗಿದ ಕೂಡ್ಲೆ ನಾಡಿ ಎಷ್ಟು, 1 ನಿಮಿಷ ಮೆಲ್ಲ ನಡ್ದ ಮೇಲೆ ಎಷ್ಟು. ತೂಕದ ಕಾಲಮ್ಮೇ ಇಲ್ಲ! ತೂಕದ ಮೆಷಿನ್ ಆಫೀಸ್ ರೂಮಿನ ಒಳಗೆ ಬೀಗ ಹಾಕಿ ಇಟ್ಟಿದ್ದಾರೆ, ತಿಂಗಳಿಗೆ ಒಂದೇ ಸಲ ಹತ್ಲಿಕ್ಕೆ ಬಿಡುದು, ದಿನಾ ಹತ್ತಿ ಇಳ್ದು ತಲೆ ಹಾಳು ಮಾಡ್ಬೇಡಿ ಅಂತ ಹೇಳ್ತಾರೆ.

ಬ್ಯಾಚ್ ಮುಕ್ಕಾಲು ಗಂಟೆ. ಸುರುವಿನ 10 ನಿಮಿಷ ಬರೀ ನಡಿಗೆ, ಕೈ ಬೀಸುದು, ಮೊಣಕಾಲು ಎತ್ತುದು. ಆಮೇಲೆ ಸೋಮವಾರ ಬುಧವಾರ ಸರ್ಕ್ಯೂಟ್, ಅಂದ್ರೆ ಸೈಕಲ್, ಸ್ಟೆಪ್, ಸ್ಕಿಪ್ಪಿಂಗ್, ಟ್ರೆಡ್‌ಮಿಲ್, ರೋಯಿಂಗ್ ಅಂತ ಸುತ್ತು ಬರುದು, ಹಳಬರಿಗೆ 40 ಸೆಕೆಂಡ್ ಕೆಲಸ 20 ಸೆಕೆಂಡ್ ರೆಸ್ಟ್, ಹೊಸಬರಿಗೆ ಉಲ್ಟಾ, 20 ಸೆಕೆಂಡ್ ಕೆಲಸ 40 ಸೆಕೆಂಡ್ ರೆಸ್ಟ್. ಈ ಉಲ್ಟಾ ಮಾಡುದು ನನಗೆ ಭಾರೀ ಸರಿ ಕಂಡಿತು, ಯಾಕೆಂದ್ರೆ ಹೆಚ್ಚಿನ ಕಡೆ ಹೊಸಬರನ್ನೂ ಹಳಬರನ್ನೂ ಒಂದೇ ಬೀಪಿಗೆ ಕುಣಿಸ್ತಾರೆ, ಎರಡು ದಿವಸದಲ್ಲಿ ಕಾಲು ಹಿಡ್ದು ಜನ ಬರುದೇ ಬಿಡ್ತಾರೆ, ಫೀಸ್ ಹೇಗೂ ಮೊದಲೇ ಕಟ್ಟಿ ಆಗಿರ್ತದೆ ಅಲ್ವಾ. ಸ್ನಾಯುವಿನ ಒಳಗೆ ಕ್ರಿಯೇಟಿನ್ ಫಾಸ್ಫೇಟ್ ಅಂತ ಕೂಡ್ಲೆ ಸಿಗುವ ಶಕ್ತಿಯ ದಾಸ್ತಾನು ಒಂದುಂಟು, ದಮ್ಮು ಕಟ್ಟಿ ಮಾಡಿದ್ರೆ ಅದು ಹತ್ತು ಚಿಲ್ರೆ ಸೆಕೆಂಡಲ್ಲಿ ಬಹುಪಾಲು ಖರ್ಚು, ಅರ್ಧ ತುಂಬ್ಲಿಕ್ಕೆ ಸುಮಾರು ಅರ್ಧ ನಿಮಿಷ, ಪೂರ್ತಿ ಆಗ್ಬೇಕಾದ್ರೆ 3ರಿಂದ 5 ನಿಮಿಷ. ಹಾಗೆ ಹೊಸಬನಿಗೆ 40 ಸೆಕೆಂಡ್ ಕೊಟ್ರೆ ಅರ್ಧಕ್ಕಿಂತ ಹೆಚ್ಚು ತುಂಬಿ ಮುಂದಿನ ಸೆಟ್ಟೂ ತಕ್ಕಮಟ್ಟಿಗೆ ಜೋರು ಬರ್ತದೆ, 10 ಸೆಕೆಂಡಲ್ಲಿ ಎಬ್ಬಿಸಿದ್ರೆ ಮೂರನೇ ಸೆಟ್ಟಿಗೆ ಕಾಲು ಎಳ್ಕೊಂಡು ಹೋಗುದು ಮಾತ್ರ.

ಗುರುವಾರದ್ದು ಬೇರೆ ತರ. 4 ನಿಮಿಷ ಜೋರು, 3 ನಿಮಿಷ ಮೆಲ್ಲ, ಹೀಗೆ 4 ಸಲ. ಇದು ಮಾಷ್ ಕಂಡುಹಿಡ್ದದ್ದಲ್ಲ, ನಾರ್ವೆಯ ಟ್ರೋಂಡ್‌ಹೈಮಿನ ಯೂನಿವರ್ಸಿಟಿಯವರು ಹೃದಯದ ಶಕ್ತಿ ಹೆಚ್ಚು ಮಾಡ್ಲಿಕ್ಕೆ ತುಂಬಾ ಅಧ್ಯಯನ ಮಾಡಿದ ಲೆಕ್ಕ, ಜೋರಿನ ಹೊತ್ತಲ್ಲಿ ನಾಡಿ ಗರಿಷ್ಠದ 85ರಿಂದ 95 ಶೇಕಡಾಕ್ಕೆ ಹೋಗ್ಬೇಕು, ಮೆಲ್ಲ ಹೋಗುವಾಗ 70ರ ಆಸುಪಾಸಿಗೆ ಇಳೀಬೇಕು. ಗರಿಷ್ಠ ಅಂದ್ರೆ 220ರಿಂದ ವಯಸ್ಸು ಕಳೆಯುದು, ನನಗೆ 46, ಅಂದ್ರೆ 174, ಹಾಗಾಗಿ ಜೋರಲ್ಲಿ 148ರಿಂದ 165, ಮೆಲ್ಲದಲ್ಲಿ 120ರ ಹತ್ರ. ಇದು ಅಂದಾಜು ಮಾತ್ರ, ಒಂದೇ ವಯಸ್ಸಿನ ಇಬ್ಬರಿಗೆ 10-15 ಹೆಚ್ಚು ಕಮ್ಮಿ ಇರ್ತದೆ. ಕೈಯ ವಾಚ್ ನೋಡ್ಲಿಕ್ಕೆ ಮಾಷ್ ಬಿಡುದಿಲ್ಲ, ಕೈ ಬೀಸುವಾಗ ಅದರ ಸೆನ್ಸರ್ ತಡಬಡಾಯಿಸ್ತದೆ, ಮಣಿಕಟ್ಟು ಹಿಡ್ದು 15 ಸೆಕೆಂಡ್ ಎಣಿಸಿ 4ರಿಂದ ಗುಣಿಸ್ಬೇಕು. ಬೆವರಿದ ಕೈಯಲ್ಲಿ ನಾಡಿ ಹುಡುಕುವಷ್ಟು ಹೊತ್ತಲ್ಲೇ ರೆಸ್ಟ್ ಅರ್ಧ ಮುಗೀತದೆ, ಅದೊಂದು ಕಿರಿಕಿರಿ.

ಆದ್ರೆ ಮಾಷ್ ನಾಡಿಗಿಂತ ಹೆಚ್ಚು ನಂಬುದು ಬಸ್‌ಸ್ಟಾಪನ್ನು. ಹೌದು, ಬಸ್‌ಸ್ಟಾಪ್. ಓಡ್ತಾ ಇರುವಾಗ ಹತ್ರ ಬಂದು ಹೇಳು ನೋಡುವ ಅಂತಾರೆ, ನಾವು ಕಾಸರಗೋಡಿಂದ ತಲಪಾಡಿವರೆಗೆ ಒಂದೇ ಉಸಿರಲ್ಲಿ ಹೇಳ್ಬೇಕು, ಮೊಗ್ರಾಲ್, ಕುಂಬಳೆ, ಬಂದ್ಯೋಡು, ಉಪ್ಪಳ, ಹೊಸಂಗಡಿ, ಕುಂಜತ್ತೂರು, ತಲಪಾಡಿ. ಜೋರಿನ ಸೆಟ್ಟಲ್ಲಿ ತಲಪಾಡಿ ಮುಟ್ಟಿದ್ರೆ ನೀನು ಕೆಲಸ ಮಾಡ್ತಾ ಇಲ್ಲ ಅಂತ ಸ್ಪೀಡ್ ಏರಿಸ್ತಾರೆ. ಕುಂಬಳೆಯಲ್ಲೇ ಉಸಿರು ಕಟ್ಟಿದ್ರೆ ಸರಿ ಉಂಟು. ಮೊಗ್ರಾಲ್ ಕೂಡಾ ಬಾಯಿಂದ ಬರದಿದ್ರೆ ಮೆಷಿನ್ ಆಫ್. ರೆಸ್ಟಿನಲ್ಲಿ ಮತ್ತೆ ಕೇಳ್ತಾರೆ, ಉಪ್ಪಳ ದಾಟದೆ ಮುಂದಿನ ಸೆಟ್ಟಿಗೆ ಬಿಡುದಿಲ್ಲ, ಗಡಿಯಾರದ ಮುಳ್ಳು ಎಂತ ಬೇಕಾದ್ರೂ ಹೇಳ್ಲಿ. ಡಾಕ್ಟ್ರುಗಳೂ ಫಿಸಿಯೋಗಳೂ ಟಾಕ್ ಟೆಸ್ಟ್ ಅಂತ ಉಪಯೋಗಿಸುದು ಇದನ್ನೇ. ಮಧ್ಯಮ ಕಾರ್ಡಿಯೋ ಆದ್ರೆ ಮಾತಾಡ್ಲಿಕ್ಕೆ ಆಗ್ತದೆ ಹಾಡ್ಲಿಕ್ಕೆ ಆಗುದಿಲ್ಲ, ಜೋರಿನದ್ದಾದ್ರೆ ಒಂದೆರಡು ಶಬ್ದಕ್ಕಿಂತ ಹೆಚ್ಚು ಬರುದಿಲ್ಲ. ನಮ್ಮ ಬ್ಯಾಚಲ್ಲಿ ಗಲ್ಫಿಂದ ರಜೆಗೆ ಬಂದ ಹುಡುಗ ಒಬ್ಬ, ಸುರುವಿಗೆ ಎನಿಕ್ಕ್ ರೆಸ್ಟ್ ವೇಂಡ ಮಾಷೇ (ನನಗೆ ರೆಸ್ಟ್ ಬೇಡ ಮಾಷೇ) ಅಂತ ಗತ್ತು ಮಾಡ್ತಿದ್ದ, ಮಾಷ್ ನಗ್ತಾ ಬಸ್‌ಸ್ಟಾಪ್ ಕೇಳಿದ್ರು, ಮೊಗ್ರಾಲಿಂದ ಸೀದಾ ಉಪ್ಪಳಕ್ಕೆ ಹಾರಿದ, ಎಲ್ಲರೂ ನಗಾಡಿದ್ರು. ಈಗ ಅವನೇ ಬ್ಯಾಚಿಗೆ ಪೆರ್ಲದಿಂದ ಬರುವ ಅಕ್ಕನಿಗೆ ಬಂದ್ಯೋಡು ಬಿಟ್ರಿ ಅಂತ ಹೇಳಿಕೊಡುದು.

ರೆಸ್ಟ್ ಅಂದ್ರೆ ನಿಂತುಬಿಡುದೂ ಅಲ್ಲ. ಸೆಟ್ ಮುಗಿದ ಕೂಡ್ಲೆ ಮಾಷ್ ಮಲಯಾಳದಲ್ಲಿ ಇರಿಕ್ಕಂಡ ನಡಕ್ಕ್ ಅಂತ ಒಂದು, ತುಳುವಲ್ಲಿ ಕುಲ್ಲೊಡ್ಚಿ ನಡಪುಲೆ ಅಂತ ಒಂದು, ಕನ್ನಡದಲ್ಲಿ ಕೂರ್ಬೇಡಿ ನಡೀರಿ ಅಂತ ಒಂದು, ಮೂರೂ ಒಂದೇ ದಮ್ಮಿಗೆ ಬೊಬ್ಬೆ ಹೊಡೀತಾರೆ, ಸ್ಟೂಲು ಯಾಕೆ ಮೆಟ್ಲಿನ ಅಡಿಗೆ ಹೋಯ್ತು ಅಂತ ಆಗ ಅಂದಾಜಾಗ್ತದೆ. ಜೋರು ಓಡುವಾಗ ಕಾಲಿನ ರಕ್ತನಾಳಗಳೆಲ್ಲ ಅಗಲ ಆಗಿರ್ತವೆ, ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲೆ ಕಳಿಸ್ತಾ ಇರ್ತದೆ, ಫಕ್ಕನೆ ನಿಂತ್ರೆ ಆ ಹಿಂಡುದು ನಿಂತು ರಕ್ತ ಕಾಲಲ್ಲೇ ಉಳೀತದೆ, ಬಿಪಿ ಇಳ್ದು ತಲೆ ತಿರುಗ್ತದೆ, ಕೆಲವರು ಬಿದ್ದೇ ಬಿಡ್ತಾರೆ. ನಡ್ಕೊಂಡೇ ಇದ್ರೆ ಆ ತೊಂದ್ರೆ ಕಮ್ಮಿ, ಜೋರು ಮಾಡುವಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟೂ ಕೂತದ್ದಕ್ಕಿಂತ ಬೇಗ ಇಳೀತದೆ. ಬೋರ್ಡಿನ ಎರಡನೇ ನಂಬ್ರಕ್ಕೂ ಅರ್ಥ ಉಂಟು, ಜೋರು ನಿಲ್ಲಿಸಿ 1 ನಿಮಿಷ ಮೆಲ್ಲ ನಡ್ದ ಮೇಲೆ ನಾಡಿ 12ಕ್ಕಿಂತ ಹೆಚ್ಚು ಇಳೀಬೇಕು, ಇಳಿಯದವರಿಗೆ ಮುಂದೆ ಜೀವಕ್ಕೆ ಅಪಾಯ ಹೆಚ್ಚು ಅಂತ 1999ರಲ್ಲೇ ಅಮೆರಿಕದ ಡಾಕ್ಟ್ರುಗಳು ಬರ್ದಿದ್ದಾರೆ, ಹಾಗಿದ್ರೆ ಹೃದಯ ಒಮ್ಮೆ ತೋರಿಸ್ಕೊಳ್ಳುದು ಒಳ್ಳೇದು. ಒಬ್ಬರಿಗೆ ಹಾಗೆ ಪದೇ ಪದೇ ಇಳಿಯದ್ದಕ್ಕೆ ಮಾಷ್ ಮೊದಲು ಇಸಿಜಿ ಮಾಡಿಸಿ ಬನ್ನಿ ಅಂತ ಫೀಸ್ ವಾಪಸ್ ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಕೊಟ್ಟ ಫೀಸ್ ವಾಪಸ್ ಕೊಡುವ ಜಿಮ್ ನಾನು ಬೇರೆ ಎಲ್ಲಿಯೂ ಕಂಡಿಲ್ಲ.

ಇದಕ್ಕೆ ಮೊದಲು ನಾನು ಪೇಟೆಯೊಳಗೆ ಒಂದು ಏಸಿ ಜಿಮ್ಮಿಗೆ ಹೋಗ್ತಿದ್ದೆ, ಅದರ ಹೆಸರೂ ಬೇಡ. ಅಲ್ಲಿ ಟ್ರೆಡ್‌ಮಿಲ್ ಹತ್ತಿದ್ರೆ ಮುಕ್ಕಾಲು ಗಂಟೆ ಇಳಿಯುವ ಹಾಗಿಲ್ಲ, ನೀರು ಕುಡೀಲಿಕ್ಕೆ ನಿಲ್ಲಿಸಿದ್ರೂ ಟ್ರೈನರ್ ಬಂದು ಫ್ಯಾಟ್ ಬರ್ನಿಂಗ್ ಕಟ್ ಆಗ್ತದೆ ಸಾರ್, ಸುರುವಿನ 20 ನಿಮಿಷ ಬರೀ ಸಕ್ಕರೆ ಉರಿಯುದು, ಕೊಬ್ಬು ಆಮೇಲೆ ಸುರು, ನಿಲ್ಲಿಸಿದ್ರೆ ಮತ್ತೆ ಒಂದರಿಂದ ಅಂತ ಹೆದರಿಸುದು. ಇದು ಶುದ್ಧ ಬುರುಡೆ. ಕೊಬ್ಬೂ ಸಕ್ಕರೆಯೂ ಮೊದಲ ನಿಮಿಷದಿಂದಲೇ ಒಟ್ಟಿಗೆ ಉರೀತವೆ, ಹೊತ್ತು ಹೋದ ಹಾಗೆ ಕೊಬ್ಬಿನ ಪಾಲು ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತದೆ ಅಷ್ಟೆ, 20ನೇ ನಿಮಿಷಕ್ಕೆ ಯಾರೂ ಸ್ವಿಚ್ ಹಾಕುದಿಲ್ಲ. ಜಪಾನಿನವರು 2007ರಲ್ಲಿ ಒಂದು ಪರೀಕ್ಷೆ ಮಾಡಿದ್ರು, ಅದೇ ಜನರಿಗೆ ಒಂದು ದಿನ 60 ನಿಮಿಷ ಒಟ್ಟಿಗೆ ಸೈಕಲ್, ಇನ್ನೊಂದು ದಿನ 30 ನಿಮಿಷ, ನಡುವೆ 20 ನಿಮಿಷ ರೆಸ್ಟ್, ಮತ್ತೆ 30 ನಿಮಿಷ. ರೆಸ್ಟ್ ಕೊಟ್ಟ ದಿನವೇ ಕೊಬ್ಬು ಹೆಚ್ಚು ಉರಿದದ್ದು. ಸಣ್ಣ ಪರೀಕ್ಷೆ, ಕೆಲವೇ ಗಂಡಸರು, ಅದನ್ನೇ ವೇದವಾಕ್ಯ ಮಾಡ್ಲಿಕ್ಕೆ ಇಲ್ಲ, ಆದ್ರೆ ನಿಲ್ಲಿಸಿದ್ರೆ ಎಲ್ಲ ಹಾಳು ಅನ್ನುವ ಮಾತಿಗೆ ಬುಡ ಇಲ್ಲ ಅಂತ ಗೊತ್ತಾಗ್ಲಿಕ್ಕೆ ಅಷ್ಟು ಧಾರಾಳ. ವಿಶ್ವ ಆರೋಗ್ಯ ಸಂಸ್ಥೆಯವರೂ ಮೊದಲು ವ್ಯಾಯಾಮ ಒಮ್ಮೆಗೆ 10 ನಿಮಿಷವಾದ್ರೂ ಇರ್ಬೇಕು ಅಂತ ಹೇಳ್ತಿದ್ರು, 2020ರ ಸೂಚನೆಯಲ್ಲಿ ಅದನ್ನು ತೆಗ್ದೇಬಿಟ್ರು, ವಾರದಲ್ಲಿ ಮಧ್ಯಮದ್ದು 150ರಿಂದ 300 ನಿಮಿಷ ಅಥವಾ ಜೋರಿನದ್ದು 75ರಿಂದ 150 ನಿಮಿಷ ಒಟ್ಟು ಆದ್ರೆ ಆಯ್ತು, ತುಂಡು ತುಂಡು ಮಾಡಿದ್ರೂ ಲೆಕ್ಕಕ್ಕೆ ಬರ್ತದೆ.

ಆ ಏಸಿ ಜಿಮ್ಮಲ್ಲಿ ಇನ್ನೊಂದು ತಮಾಷೆ ನೋಡ್ಬೇಕಿತ್ತು, ನಿಲ್ಲಿಸ್ಲಿಕ್ಕೆ ಬಿಡದ ಕಾರಣ ಎಲ್ಲರೂ ಟ್ರೆಡ್‌ಮಿಲ್ಲಿನ ಕಂಬಿಗೆ ನೇತಾಡಿಕೊಂಡೇ ನಡೆಯುದು, ಎರಡು ಕೈಯಲ್ಲಿ ಭಾರ ಹೊತ್ಕೊಂಡ್ರೆ ಕಾಲಿಗೆ ಎಂತ ಕೆಲಸ ಉಳೀತದೆ, ಆದ್ರೂ ಸ್ಕ್ರೀನಲ್ಲಿ ಕ್ಯಾಲೊರಿ ಮಾತ್ರ ಏರ್ತಾನೇ ಇರ್ತದೆ, ಆ ಮೆಷಿನಿಗೆ ನಾವು ಕಂಬಿ ಹಿಡ್ದದ್ದು ಗೊತ್ತೇ ಆಗುದಿಲ್ಲ. ಆ ನಂಬ್ರ ನೋಡಿ ಸಮಾಧಾನ ಮಾಡ್ಕೊಂಡು ಹೊರಗೆ ಬಂದು ಎದುರಿನ ಹೋಟ್ಲಲ್ಲಿ ಗೋಳಿಬಜೆ.

ಹಾಗಾದ್ರೆ ರೆಸ್ಟ್ ಕೊಟ್ಟು ಮಾಡಿದ್ರೆ ತೂಕ ಹೆಚ್ಚು ಇಳೀತದಾ ಅಂತ ಕೇಳಿದ್ರೆ, ನೇರ ಹೇಳ್ತೇನೆ, ದೊಡ್ಡ ವ್ಯತ್ಯಾಸ ಇಲ್ಲ. ನಿಲ್ಲಿಸಿ ನಿಲ್ಲಿಸಿ ಮಾಡಿದ್ರೂ ಒಂದೇ ಸಮ ಮಾಡಿದ್ರೂ ಒಟ್ಟು ಕೆಲಸ ಒಂದೇ ಆದ್ರೆ ಕೊಬ್ಬು ಇಳಿಯುದು ಹೆಚ್ಚು ಕಮ್ಮಿ ಅಷ್ಟೇ ಅಂತ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರೂ ಹೇಳಿದ್ದಾರೆ. 1 ಕಿಲೋ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ, ಮುಕ್ಕಾಲು ಗಂಟೆಯ ಬ್ಯಾಚಿಗೆ ನನ್ನಂತವನಿಗೆ ಹೋಗುದು 300 ಚಿಲ್ರೆ, ಮತ್ತೆ ಚೆರ್ಕಳದಲ್ಲಿ ಇಳ್ದು ಎರಡು ಪರೋಟ ಒಂದು ಚಾಯ ಹೊಡೆದ್ರೆ ಲೆಕ್ಕ ಅಲ್ಲಿಗೆ ಅಲ್ಲಿ. ರಾತ್ರಿಯ ಊಟ ಕಮ್ಮಿ ಮಾಡದೆ ಯಾವ ಬ್ಯಾಚೂ ಎಂತದೂ ಮಾಡುದಿಲ್ಲ. ರೆಸ್ಟಿನ ಲಾಭ ಬೇರೆ ಕಡೆ ಉಂಟು, ಕಮ್ಮಿ ಹೊತ್ತಲ್ಲಿ ಜೋರು ಕೆಲಸ ಮಾಡ್ಲಿಕ್ಕೆ ಆಗ್ತದೆ, ದಮ್ಮು ಬೆಳೀತದೆ, ಮರುದಿನ ಮೆಟ್ಲು ಇಳಿಯುವಾಗ ಅಯ್ಯೋ ಅನ್ನಿಸುದಿಲ್ಲ, ಹಾಗಾಗಿ ಜನ ಬಿಡದೆ ಬರ್ತಾರೆ. ನಮ್ಮ ಬ್ಯಾಚಲ್ಲಿ ಮಳೆಗಾಲದಲ್ಲಿಯೂ ಬೆಳಗ್ಗೆ 6ಕ್ಕೆ ಹಾಲ್ ತುಂಬಿರ್ತದೆ. ನನ್ನ ಪ್ಯಾಂಟು ಸಡ್ಲ ಆಗಿದೆ, ಬೆಲ್ಟಿಗೆ ಹೊಸ ತೂತು ಹಾಕ್ಸಿದ್ದೇನೆ, ಆದ್ರೆ ಅದರಲ್ಲಿ ಅರ್ಧ ಕ್ರೆಡಿಟ್ ರಾತ್ರಿ ಅನ್ನದ ಬದ್ಲು ಗಂಜಿ ಕೊಡುವ ಹೆಂಡತಿಗೆ ಹೋಗ್ಬೇಕು.

ಸೆಕೆಯ ವಿಷಯ ಹೇಳದಿದ್ರೆ ನಮ್ಮೂರಿನ ಜಿಮ್ಮಿನ ಬಗ್ಗೆ ಬರ್ದ ಹಾಗೇ ಆಗುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕಾಸರಗೋಡಿನ ಸೆಕೆ ಬೆಂಗಳೂರಿನವರಿಗೆ ಹೇಳಿದ್ರೆ ಅರ್ಥ ಆಗುದಿಲ್ಲ, ಬೆಳಗ್ಗೆ 6ಕ್ಕೇ ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟ್ತದೆ. ಬೆವರು ಆರಿದ್ರೆ ಮಾತ್ರ ಮೈ ತಣಿಯುದು, ಗಾಳಿಯಲ್ಲೇ ಅಷ್ಟು ನೀರಿರುವಾಗ ಬೆವರು ಆರುದೆಲ್ಲಿಗೆ, ಸುಮ್ಮನೆ ತೊಟ್ಟಿಕ್ಕಿ ನೆಲಕ್ಕೆ ಬೀಳುದು, ಒಳಗಿನ ಬಿಸಿ ಒಳಗೇ. ಆಗ ಅದೇ ಸ್ಪೀಡಿಗೆ ನಾಡಿ 10-15 ಹೆಚ್ಚು ಓಡ್ತದೆ. ಮಾಷ್ ಏಪ್ರಿಲಿಂದ ಮಳೆ ಹಿಡಿಯುವವರೆಗೆ ಹಳಬರ 40-20 ತೆಗ್ದು 30-30 ಮಾಡ್ತಾರೆ, ಗುರುವಾರದ ನಾಲ್ಕು ಸುತ್ತು ಮೂರಕ್ಕೆ ಇಳೀತದೆ, ಬಾಗಿಲ ಹತ್ರ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಉಪ್ಪು ಶುಂಠಿ ಕರಿಬೇವಿನಸೊಪ್ಪು ಹಾಕಿದ ನೀರು ಮಜ್ಜಿಗೆ. ಎರಡು ಸುತ್ತಿಗೆ ಒಮ್ಮೆ ಅರ್ಧ ಗ್ಲಾಸ್, ಗಟಗಟ ಕುಡೀಲಿಕ್ಕೆ ಇಲ್ಲ. ಏಸಿ ಹಾಕ್ಸಿ ಅಂತ ಓನರಿಗೆ ಎಷ್ಟು ಸಲ ಹೇಳಿದ್ರೂ ಕೇಳುದಿಲ್ಲ, ನಾಲ್ಕು ಫ್ಯಾನಲ್ಲಿ ಒಂದು ಯಾವಾಗ್ಲೂ ಕಿರ್ ಕಿರ್ ಅನ್ನುದೇ ಹೊರತು ಗಾಳಿ ಇಲ್ಲ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹೊಡೆದ್ರೆ ಮಾಷಿನ ಮೂರು ಭಾಷೆಯೂ ಕೇಳುದಿಲ್ಲ, ಆವಾಗ ಸೀಟಿ ಊದುದು. ಕರೆಂಟು ಹೋದ್ರೆ ಟ್ರೆಡ್‌ಮಿಲ್ ಬಿಟ್ಟು ಉಳಿದದ್ದೆಲ್ಲ ನಡೀತದೆ.

ಶನಿವಾರ ತಬಾಟಾ ಅಂತ ಒಂದು ಇಟ್ಟಿದ್ದಾರೆ, ಓನರಿನ ಐಡಿಯಾ, ಬೋರ್ಡಲ್ಲಿ ದೊಡ್ಡದಾಗಿ ಬರ್ಸಿದ್ದಾರೆ, ನನಗೆ ಇಷ್ಟ ಇಲ್ಲ. ಇಝುಮಿ ತಬಾಟಾ ಅನ್ನುವ ಜಪಾನಿನ ವಿಜ್ಞಾನಿ ಐಸ್ ಮೇಲೆ ಸ್ಕೇಟಿಂಗ್ ಮಾಡುವವರ ತರಬೇತಿಯ ಲೆಕ್ಕ ಹಿಡ್ಕೊಂಡು 1996ರಲ್ಲಿ ಪ್ರಕಟ ಮಾಡಿದ್ದು, 20 ಸೆಕೆಂಡ್ ಜೀವ ಹೋಗುವಷ್ಟು ಸೈಕಲ್, 10 ಸೆಕೆಂಡ್ ರೆಸ್ಟ್, ಏಳೆಂಟು ಸಲ, ಸುಮಾರು 4 ನಿಮಿಷದಲ್ಲಿ ಮುಗೀತು. ಅದೂ ಗಟ್ಟಿಮುಟ್ಟಿನ ಹುಡುಗರು, ಕೊನೆಗೆ ತುಳೀಲಿಕ್ಕೇ ಆಗದ ಹಾಗೆ ಮಾಡಿದ್ದು. ಇಲ್ಲಿ ಶನಿವಾರ ಅರ್ಧ ಗಂಟೆ ತಬಾಟಾ ನಡೀತದೆ, ಅರ್ಧ ಗಂಟೆ ಎಳೀಲಿಕ್ಕೆ ಆಗ್ತದೆ ಅಂದ್ರೆ ಅದು ತಬಾಟಾ ಅಲ್ಲ ಅಂತಲೇ ಅರ್ಥ, 10 ಸೆಕೆಂಡ್ ರೆಸ್ಟಿನಲ್ಲಿ ಬೆವರು ಒರೆಸ್ಲಿಕ್ಕೂ ಪುರ್ಸೊತ್ತಿಲ್ಲ, ಮೊಣಕಾಲು ನೋವಿನವರು ಅದರಲ್ಲಿ ಹಾರುದು ನೋಡಿದ್ರೆ ಹೆದರಿಕೆ ಆಗ್ತದೆ. ಮಾಷಿಗೂ ಮನಸ್ಸಿಲ್ಲ, ಮುಖ ನೋಡಿದ್ರೆ ಗೊತ್ತಾಗ್ತದೆ. ನಾನು ಶನಿವಾರ ಹೋಗುದಿಲ್ಲ, ಹೇಗೂ ಕಾಲಿಗೆ ವಾರದಲ್ಲಿ ಎರಡು ದಿವಸ ಪೂರ್ತಿ ರಜೆ ಬೇಕು.

ಸಂಜೆಯ ಬ್ಯಾಚಿನ ಕಥೆ ಸ್ವಲ್ಪ ಹೇಳ್ತೇನೆ. ಮದುವೆ ಸೀಸನಲ್ಲಿ ಬೆಳಗ್ಗೆ ಆಗದೆ ಸಂಜೆ ಹೋಗಿದ್ದೆ. ಹುಡುಗ ಸ್ಪೀಕರಲ್ಲಿ ಕಿವಿ ಒಡೆಯುವ ಹಾಡು ಹಾಕಿ ಎಲ್ಲರೂ ಸುರು ಮಾಡಿ ಅಂದು ಫೋನ್ ತೆಗ್ದ, ಮತ್ತೆ ತಲೆ ಎತ್ತಿದ್ದು ಹಾಡು ನಿಂತಾಗ. ಹಾಡು ಎಷ್ಟುದ್ದವೋ ಸೆಟ್ ಅಷ್ಟುದ್ದ! ರೆಸ್ಟ್ ಅಂದ್ರೆ ಮುಂದಿನ ಹಾಡು ಹುಡುಕುವಷ್ಟು ಹೊತ್ತು, ಕೆಲವೊಮ್ಮೆ ಅರ್ಧ ನಿಮಿಷ, ಕೆಲವೊಮ್ಮೆ ಯಾರದ್ದೋ ಕಾಲ್ ಬಂದು ಎಂಟು ಹತ್ತು ನಿಮಿಷ ಮೈಯೆಲ್ಲ ತಣ್ಣಗಾಗುವವರೆಗೆ. ಮೆಟ್ಲಿನ ಅಡಿಯ ಸ್ಟೂಲುಗಳೆಲ್ಲ ಸಂಜೆ ಹೊರಗೆ ಬಂದಿರ್ತವೆ. ನನ್ನ ಪಕ್ಕದಲ್ಲಿ ಒಬ್ಬರು ಸ್ಕಿಪ್ಪಿಂಗ್ ಮುಗಿಸಿ ದಪ್ಪನೆ ಕೂತು, ಎದ್ದ ಕೂಡ್ಲೆ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡ್ರು. ಹುಡುಗ ಗ್ಲುಕೋಸ್ ಕುಡೀರಿ ಅಂದ, ಗ್ಲುಕೋಸ್ ಪ್ಯಾಕೆಟಿಗೆ ಬೇರೆ ಚಾರ್ಜ್.

ಉಳಿದ ದೂರುಗಳು ಒಟ್ಟಿಗೆ ಬರೀತೇನೆ. ಟಾಯ್ಲೆಟ್ ಒಂದೇ, ಬಾಗಿಲಿನ ಚಿಲಕ ಅರ್ಧ ಬೀಳುದು. ಮ್ಯಾಟಿಗೆ ಮಳೆಗಾಲದಲ್ಲಿ ಬೂಸಲು ವಾಸನೆ, ಸ್ವಂತದ್ದು ತಕ್ಕೊಂಡು ಹೋಗಿ. ಹೈವೇ ಕೆಲಸದ ಧೂಳು ಬೇಸಿಗೆಯಲ್ಲಿ ಕಿಟಕಿಯಿಂದ ಸೀದಾ ಒಳಗೆ, ಬೈಕ್ ಇಡ್ಲಿಕ್ಕೆ ಜಾಗ ಉಂಟು, ಕಾರಿಗೆ ಇಲ್ಲ. ವಾಟ್ಸಾಪ್ ಗ್ರೂಪಿಗೆ ಸೇರಿಸಿ ದಿನಾ ಪ್ರೊಟೀನ್ ಪೌಡರು, ಫ್ಯಾಟ್ ಕಟ್ಟರ್ ಚಾಯಪುಡಿ ಅಂತ ಓನರ್ ಕಳಿಸ್ತಾ ಇರ್ತಾರೆ, ಮ್ಯೂಟ್ ಮಾಡಿ. ಹೆಂಗಸರಿಗೆ ಮಾತ್ರ ಅಂತ ಬೇರೆ ಬ್ಯಾಚ್ 10 ಗಂಟೆಗೆ, ಕೆಲಸಕ್ಕೆ ಹೋಗುವವರಿಗೆ ಅದು ಉಪಯೋಗ ಇಲ್ಲ, ಹಾಗಾಗಿ ಪೆರ್ಲದ ಅಕ್ಕನಂತವರು 6ರ ಬ್ಯಾಚಿಗೇ ಬರುದು. ಅಷ್ಟು ಬೆಳಗ್ಗೆ ಆ ಕಡೆಯಿಂದ ಬಸ್ಸು ನಂಬ್ಲಿಕ್ಕೆ ಆಗುದಿಲ್ಲ, ಸ್ಕೂಟರೇ ಗತಿ.

ಸೇರುವವರು ಮಾತ್ರೆಯ ವಿಷಯ ಮೊದಲೇ ಮಾಷಿಗೆ ಹೇಳಿ. ನಮ್ಮಲ್ಲಿ ರಿಟೈರ್ ಆದ ಹೆಡ್‌ಮಾಸ್ಟ್ರು ಒಬ್ಬರು ಬಿಪಿಗೆ ಮೆಟೊಪ್ರೊಲಾಲ್ ತಕ್ಕೊಳ್ತಾರೆ, ಅಟೆನೊಲಾಲ್ ಕೂಡಾ ಅದೇ ಜಾತಿ, ಆ ಮಾತ್ರೆ ನಾಡಿಯನ್ನೇ ಹಿಡ್ದಿಡ್ತದೆ, ಎಷ್ಟು ಸುಸ್ತಾದ್ರೂ ಅವರ ವಯಸ್ಸಿನ ಲೆಕ್ಕದ ನಂಬ್ರ ಮುಟ್ಟುದಿಲ್ಲ, ನಂಬ್ರ ನೋಡಿ ಇನ್ನೂ ಜೋರು ಜೋರು ಅಂತ ಹೋದ್ರೆ ಅಪಾಯ. ಬೋರ್ಡಲ್ಲಿ ಅವರ ಹೆಸರಿನ ಎದುರು ನಾಡಿಯ ಜಾಗದಲ್ಲಿ ಗೆರೆ ಹಾಕಿ ಕುಂಬಳೆ, ಉಪ್ಪಳ ಅಂತ ಬರೀತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಕ್ಕೊಳ್ಳುವವರು ಕಿಸೆಯಲ್ಲಿ ಎಂತಾದ್ರೂ ಸಿಹಿ ಇಟ್ಕೊಂಡೇ ಬನ್ನಿ, ರೆಸ್ಟಿನಲ್ಲಿ ಕೈ ನಡುಗಿದ್ರೆ ಕಾಯ್ಬೇಡಿ.

ಬೆಳಗ್ಗಿನ ಬ್ಯಾಚಿಗೆ ಐದರಲ್ಲಿ ನಾಲ್ಕು ಸ್ಟಾರ್, ಸಂಜೆಗೆ ಒಂದು, ಅದೂ ಮಜ್ಜಿಗೆ ಉಳ್ದಿದ್ರೆ. ಫೀಸ್ ತಿಂಗಳಿಗೆ 1,200, ಅಡ್ಮಿಶನ್ 500. ಮೂರು ತಿಂಗಳದ್ದು ಒಟ್ಟಿಗೆ ಕಟ್ಟುದಾದ್ರೆ ಅಡ್ಮಿಶನ್ ಬಿಡ್ತಾರೆ, ಆದ್ರೆ ಅವರಾಗಿ ಹೇಳುದಿಲ್ಲ, ಕೇಳ್ಬೇಕು. ಒಂದು ದಿನ ಫ್ರೀ ಟ್ರಯಲ್ ಉಂಟು, ಗುರುವಾರ ಬಿಟ್ಟು ಬುಧವಾರ ಹೋಗಿ.